ತಪಾಸಣೆ ಆಗಿದೆ

ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತ ನಿಂತಿದ್ದ ಕುರೆಬಾಯಾಶಿಗೆ ಇವತ್ತೊಂದು ದಿನ ಜ್ವರ ಬಂದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. ಹಣೆ ಮುಟ್ಟಿಕೊಂಡ. ತಣ್ಣಗಿತ್ತು. ನಾಲಿಗೆ ಚಾಚಿ ಕನ್ನಡಿಯಲ್ಲಿ ನೋಡಿಕೊಂಡ. ಅದೂ ಕೆಂಪಗೆ ಆರೋಗ್ಯವಾಗಿತ್ತು. ಅರವತ್ತೇಳನೆಯ ವಯಸ್ಸಿನಲ್ಲಿ ಓರಗೆಯವರೆಲ್ಲ ಸಕ್ಕರೆ ಕಾಯಿಲೆ, ಸೊಂಟನೋವು, ಕಣ್ಣಿನ ಪೊರೆ ಎಂದು ಒಂದಲ್ಲ ಒಂದು ನೆಪ ಸಂಪಾದಿಸಿಕೊಂಡಿರುವಾಗ ತನಗೆ ಒಂದು ಸಭೆ ತಪ್ಪಿಸಿಕೊಳ್ಳುವಷ್ಟು ಕಾಯಿಲೆಯೂ ಇಲ್ಲವಲ್ಲ ಎಂದು ತನ್ನ ದೇಹದ ಮೇಲೇ ಸಿಟ್ಟು ಬಂತು. ಸಭೆ ಒಂದು ಗಂಟೆಗೆ. ಹಮಾಮಾತ್ಸು ಹಳೆ ಕಂಪ್ಯೂಟರ್ ಗೆಳೆಯರ ಬಳಗದ ಸಭೆ, ಪ್ರತಿ ತಿಂಗಳ ಎರಡನೆಯ ಭಾನುವಾರ, ಬಡಾವಣೆಯ ಸಮುದಾಯ ಭವನದ ಎರಡನೆಯ ಮಹಡಿಯಲ್ಲಿ. ಹದಿನಾಲ್ಕು ಜನ ಸದಸ್ಯರು. ಅವರಲ್ಲಿ ಹದಿಮೂರು ಜನ ಗಂಡಸರು, ಹೊಸತಿದ್ದಾಗ ಕೊಳ್ಳಲಾಗದೆ ಅಂಗಡಿಯ ಗಾಜಿಗೆ ಮೂಗು ಒತ್ತಿ ನೋಡಿದ್ದ ಯಂತ್ರಗಳನ್ನು ಯಾರಿಗೂ ಬೇಡವಾದ ಮೇಲೆ ಮನೆ ತುಂಬ ತುಂಬಿಕೊಂಡು ಹೆಂಡತಿಯರ ಬಾಯಿಗೆ ಸಿಕ್ಕವರು. ಅಡುಗೆಮನೆಯಿಂದ ಕುರೆಬಾಯಾಶಿಯ ಹೆಂಡತಿ ಫುಮಿಯೆ ಕೇಳಿದಳು: "ಇವತ್ತಾದ್ರೂ ಬಾಯಿ ಬಿಡುತ್ತಾ?" ಅವಳು ಕೇಳಿದ್ದು ಬಳಗದ ಟೇಪ್ ಡ್ರೈವಿನ, ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಲೆಕ್ಕ ಓದಿಕೊಡುವ ಹಳೆಯ ಯಂತ್ರದ, ವಿಷಯ ಎಂದು ಹೊಳೆಯುವಷ್ಟರಲ್ಲಿ ಅವನ ಎದೆ ಒಮ್ಮೆ ಧಸಕ್ಕೆಂದಿತ್ತು. ನೋಡೋಣ ಎಂದ. ಜುಲೈಯಿಂದ ನೋಡ್ತಾನೇ ಇದೀರಿ ಎಂದು ಅವಳು ಸಾರಿಗೆ ಮೂಲಂಗಿ ಹೆಚ್ಚತೊಡಗಿದಳು.

ಅವನ ಪರ್ಸಿನಲ್ಲಿ, ಹಲ್ಲಿನ ಡಾಕ್ಟರ ಕಾರ್ಡಿನ ಹಿಂದೆ, ಬೆಂಕಿಪೊಟ್ಟಣದಷ್ಟಗಲದ ಒಂದು ಚೀಟಿ ಇತ್ತು. ಅದೂ ಜುಲೈಯಿಂದ ಇತ್ತು. ಎಸೆಯಲು ನೋಡಿರಲಿಲ್ಲವೆಂದಲ್ಲ. ಆದರೆ ಅವರ ಬೀದಿಯಲ್ಲಿ ಕಸ ಹಾಕುವುದು ಒಳಗಿನದೆಲ್ಲ ಹೊರಗೆ ಕಾಣುವಂಥ ಚೀಲದಲ್ಲಿ. ಸುಡುವ ಕಸ ಸೋಮವಾರ ಮತ್ತು ಶುಕ್ರವಾರ, ಕಾಗದ ಗುರುವಾರ. ತಪ್ಪಿ ಇಟ್ಟವರ ಚೀಲವನ್ನು ಗುರುತು ಹಿಡಿದು ಅವರ ಬಾಗಿಲಿಗೇ ತಂದು ಬಗ್ಗಿ ನಮಸ್ಕರಿಸಿ ಇಟ್ಟುಹೋಗುವ ಒಬ್ಬ ಮುದುಕಿ ಮೂಲೆಮನೆಯಲ್ಲಿದ್ದಳು. ಚೂರು ಚೂರು ಮಾಡೋಣವೆಂದರೆ ತನ್ನ ಹೆಸರನ್ನೇ ಹರಿಯಬೇಕು, ಅದಕ್ಕೆ ಕೈ ಬರಲಿಲ್ಲ. ಹಳದಿಯಾದ ಆ ಚೀಟಿಯ ಮೇಲೆ 'ತಪಾಸಣೆ ಆಗಿದೆ' ಎಂದು ಅಚ್ಚಾಗಿತ್ತು. ಅದರ ಕೆಳಗೆ ವೇಗ, ಸದ್ದು, ಮುಚ್ಚಳ ಎಂದು ಮೂರು ಸಾಲು, ಮೂರರ ಮುಂದೂ ಸರಿ ಎಂಬ ಗುರುತು. ಅದರ ಕೆಳಗೆ ಬಲದಿಂದ ಎಡಕ್ಕೆ ಮೂರು ಚೌಕ: ಜೋಡಿಸಿದವರು, ಪರೀಕ್ಷಿಸಿದವರು, ವಿಭಾಗದ ಮುಖ್ಯಸ್ಥರು. ನಡುವಿನ ಚೌಕದಲ್ಲಿ ಕುಂಕುಮದ ಬಣ್ಣದ ದುಂಡು ಮೊಹರು, ಕುರೆಬಾಯಾಶಿ. ಬೇರೆಯವರ ಹೆಸರಿನ ಮೊಹರುಗಳಾದರೆ ಸ್ಟೇಷನರಿ ಅಂಗಡಿಯ ಗಿರಗಿರ ತಿರುಗುವ ಸ್ಟ್ಯಾಂಡಿನಲ್ಲಿ ಸಾಲಾಗಿ ನೇತಾಡುತ್ತವೆ. ಅವನ ಹೆಸರಿನದು ಅಲ್ಲಿ ಯಾವತ್ತೂ ಸಿಕ್ಕಿದ್ದಿಲ್ಲ. ಕೆಲಸಕ್ಕೆ ಸೇರಿದ ವರ್ಷ ಅಪ್ಪ ಕೆತ್ತಿಸಲು ಕೊಟ್ಟು, ಎರಡು ವಾರ ಕಾದು, ಪೆಟ್ಟಿಗೆಯಲ್ಲಿಟ್ಟು ಕೊಟ್ಟಿದ್ದ. ಇಡೀ ಕಾರ್ಖಾನೆಯಲ್ಲಿ ಈ ಹೆಸರು ನಿನ್ನೊಬ್ಬನದೇ ಎಂದು ಅಪ್ಪ ಹೇಳಿದ ಮಾತನ್ನು ಮೂವತ್ನಾಲ್ಕು ವರ್ಷ ಹೆಮ್ಮೆಯಿಂದ ನೆನೆಸಿಕೊಂಡಿದ್ದ, ಈಗ ಅದೇ ಮಾತು ನೆನಪಾಗದಿರಲಿ ಅನ್ನಿಸುತ್ತಿತ್ತು. ಮೊಹರು ತುಸು ಎಡಕ್ಕೆ ವಾಲಿತ್ತು. ಅದು ಕೈತಪ್ಪಲ್ಲ. ಕೆಳಗಿನವನ ಮೊಹರು ಮೇಲಿನವನ ಮೊಹರಿನತ್ತ ಸ್ವಲ್ಪ ಬಾಗಿದ್ದರೆ ಅದೊಂದು ನಮಸ್ಕಾರ ಎಂದು ಅವನಿಗೆ ಮೊದಲ ವಾರವೇ ಕಲಿಸಿದ್ದರು. ಕಾಗದದ ಮೇಲೂ ಬಗ್ಗಲು ಅವನಷ್ಟು ಬೇಗ ಕಲಿತವರು ಆ ವಿಭಾಗದಲ್ಲಿ ಇನ್ನೊಬ್ಬರಿರಲಿಲ್ಲ.

ಅದನ್ನು ಒತ್ತಿದ್ದು ಮೂವತ್ತೆಂಟು ವರ್ಷದ ಹಿಂದೆ: ಮಾರ್ಚ್ ತಿಂಗಳ ಕೊನೆಯ ವಾರ, ಊಟದ ಹೊತ್ತು, ರೇಡಿಯೋದಲ್ಲಿ ಹೈಸ್ಕೂಲು ಹುಡುಗರ ಬೇಸ್‌ಬಾಲ್ ಪಂದ್ಯ. ಲೆಕ್ಕಪತ್ರದ ವರ್ಷ ಮುಗಿಯುವುದರೊಳಗೆ ಇಷ್ಟು ಡ್ರೈವು ಹೊರಗೆ ಹೋಗಲೇಬೇಕು ಎಂದು ಮುಖ್ಯಸ್ಥರು ಹೇಳಿದ್ದರು. ಹೇಗೆ ಎಂದು ಹೇಳಿರಲಿಲ್ಲ, ಹೇಳದೆ ಇರುವುದೇ ಮುಖ್ಯಸ್ಥರ ಕೆಲಸ. ಜೋಡಣೆಯ ಹೆಂಗಸರು ನಿಮ್ಮ ಮೊಹರಿಗಾಗಿ ಕಾಯುತ್ತ ಕೂತರೆ ಸಾಲು ನಿಲ್ಲುತ್ತದೆ ಎಂದು ಮಾತ್ರ ಎರಡು ಸಲ ಹೇಳಿದರು. ಆದ್ದರಿಂದ ಕುರೆಬಾಯಾಶಿ ಖಾಲಿ ಚೀಟಿಗಳ ಕಟ್ಟು ಮುಂದಿಟ್ಟುಕೊಂಡು ಮೊದಲೇ ಒತ್ತಿಟ್ಟ. ಒಂದು ಕೈಯಲ್ಲಿ ಅನ್ನದುಂಡೆ, ಇನ್ನೊಂದು ಕೈಯಲ್ಲಿ ಮೊಹರು. ಮುನ್ನೂರು ಚೀಟಿ. ಒಂದೂ ಕಲೆಯಾಗಲಿಲ್ಲ, ಒಂದೂ ಹೆಚ್ಚು ವಾಲಲಿಲ್ಲ. ಒಂಬತ್ತನೆಯ ಸರದಿಯಲ್ಲಿ ಶಿಜುವೊಕಾದ ಹುಡುಗರು ಗೆದ್ದಾಗ ಖುಷಿಗೆ ಇನ್ನೂ ಐವತ್ತು ಒತ್ತಿದ. ಆ ಚೀಟಿಗಳೆಲ್ಲ ಯಾವ ಯಾವ ಡ್ರೈವಿನ ಹೊಟ್ಟೆ ಸೇರಿದವೋ, ಯಾವ ಊರಿಗೆ ಹೋದವೋ ಅವನು ಕೇಳಲಿಲ್ಲ. ಮೂವತ್ತೆಂಟು ವರ್ಷ ಯಾರೂ ಕೇಳಲಿಲ್ಲ. ಸಾರು ತಣ್ಣಗಾಗ್ತಿದೆ ಎಂದು ಫುಮಿಯೆ ಎರಡನೆಯ ಸಲ ಕರೆದಳು, ಅವನು ಬಾಯಿಯ ನೊರೆ ಉಗುಳಿ ಹೋಗಿ ಕೂತ.

ಭವನದ ಬಾಗಿಲಲ್ಲಿ ಬೂಟು ಬಿಚ್ಚಿ ಹಸಿರು ಚಪ್ಪಲಿ ಮೆಟ್ಟಿಕೊಂಡಾಗ ಮೇಲೆ, ಬಳಗದ ಪಕ್ಕದ ಕೋಣೆಯಿಂದ ಆಗಲೇ ಹವಾಯಿ ಹಾಡು ಬರುತ್ತಿತ್ತು. ಎಪ್ಪತ್ತು ದಾಟಿದ ಹೆಂಗಸರ ನೃತ್ಯದ ತರಗತಿ. ಅವರು ಅಲ್ಲಿ ಕೈಯಲ್ಲೇ ಸಮುದ್ರದ ಅಲೆ ಮಾಡುತ್ತಿದ್ದರೆ ಇಲ್ಲಿ ಇವರು ಒಂದು ಮಾತೂ ಆಡದೆ ಬೆಸುಗೆ ಹಾಕುತ್ತಿದ್ದರು. ಮೆಟ್ಟಿಲ ಬಳಿ ಎದೆಗೆ ಸಿಕ್ಕಿಸಿಕೊಳ್ಳುವ ಬಿಲ್ಲೆಗಳನ್ನು ಸಾಲಾಗಿ ಇಟ್ಟಿದ್ದರು. ಅವನದರ ಮೇಲೆ ಅಧ್ಯಕ್ಷ ಅಕಾಹೊರಿಯವರ ಮುತ್ತಿನಂಥ ಅಕ್ಷರದಲ್ಲಿ 'ಕುರೆಬಾಯಾಶಿ, ಟೇಪ್ ಡ್ರೈವಿನ ವಿನ್ಯಾಸಕರು' ಎಂದಿತ್ತು. ಆರು ವರ್ಷದ ಹಿಂದೆ ಬಳಗಕ್ಕೆ ಸೇರಿದ ದಿನ ಅವನು ಹೇಳಿಕೊಂಡಿದ್ದು, ಈ ಡ್ರೈವುಗಳನ್ನು ತಯಾರಿಸುವ ಕಾರ್ಖಾನೆಯಲ್ಲಿದ್ದೆ, ಒಂದೊಂದೂ ನನ್ನ ಕೈಯಿಂದಲೇ ಹೊರಗೆ ಹೋಗಿದ್ದು ಎಂದು. ಅದರಲ್ಲಿ ಸುಳ್ಳಿರಲಿಲ್ಲ. ನಗರಸಭೆಯ ಜನನ ಮರಣ ನೋಂದಣಿಯಲ್ಲಿ ನಲವತ್ತು ವರ್ಷ ಕೂತು ಬಂದಿದ್ದ ಅಕಾಹೊರಿಯವರಿಗೆ ಬಳಗದಲ್ಲೊಬ್ಬ ದೊಡ್ಡ ಮನುಷ್ಯ ಬೇಕಿತ್ತು. ಮುಂದಿನ ತಿಂಗಳು ಬಿಲ್ಲೆ ಸಿದ್ಧವಾಗಿತ್ತು. ತಿದ್ದಬೇಕು ಎಂದು ಕುರೆಬಾಯಾಶಿಗೆ ಅನ್ನಿಸಿತ್ತು. ಇಷ್ಟು ಚೆಂದದ ಅಕ್ಷರ ಹಾಳಾಗುತ್ತದೆ ಎಂದೂ ಅನ್ನಿಸಿತ್ತು. ಆಮೇಲೆ ವರ್ಷಾಂತ್ಯದ ಕೂಟದಲ್ಲಿ ಒಂದೆರಡು ಲೋಟ ಏರಿದಾಗ ಮೋಟಾರಿನ ವೇಗ ಸ್ಥಿರವಾಗಿ ನಿಲ್ಲಿಸುವುದು ಎಷ್ಟು ಕಷ್ಟವಾಗಿತ್ತು ಎಂದು ತಾನೇ ಹೇಳಿದ. ಎಲ್ಲರೂ ಲೋಟ ಕೆಳಗಿಟ್ಟು ಕೇಳಿದರು. ಅದೇ ಕೂಟದಲ್ಲಿ ಒಚಿಯಾಯಿ ಎಂಬ ಸದಸ್ಯೆಗೆ, ತಪಾಸಣೆ ಅನ್ನೋದು ಕೈಯ ಕೆಲಸ ಅಲ್ಲಮ್ಮ, ಮನಸ್ಸಿನ ಕೆಲಸ ಎಂದೂ ಉಪದೇಶ ಮಾಡಿದ್ದ. ಈಗ ಬಿಲ್ಲೆ ಸಿಕ್ಕಿಸಿಕೊಳ್ಳುವಾಗ ಪಿನ್ನು ಬೆರಳಿಗೆ ಚುಚ್ಚಿತು.

ಒಚಿಯಾಯಿ ಬಳಗದ ಏಕೈಕ ಹೆಂಗಸು. ಐವತ್ತೆರಡು ವಯಸ್ಸು, ಮೋಟಾರ್‌ಸೈಕಲ್ಲಿನ ಬ್ರೇಕು ಮಾಡುವ ಕಡೆ ತಪಾಸಣೆಯ ಕೆಲಸ, ವಾರಕ್ಕೆ ಐದು ದಿನ ದಿನಕ್ಕೆ ಸಾವಿರ ತುಂಡು ಬೆಳಕಿಗೆ ಹಿಡಿದು ನೋಡಿ ಬಂದು ಆರನೆಯ ದಿನ ಮನೆಯಲ್ಲಿ ಕಂಪ್ಯೂಟರ್ ಬಿಚ್ಚಿ ಕೂರುವವಳು. ಹೆಂಗಸಾದ್ದರಿಂದ ನಡಾವಳಿ ಬರೆಯುವ ಕೆಲಸ ಅವಳಿಗೆ ಬಿದ್ದಿತ್ತು; ಹೆಂಗಸಾದ್ದರಿಂದಲೇ ಎಂದು ಯಾರೂ ಹೇಳಿರಲಿಲ್ಲ, ಅಕ್ಷರ ಚೆನ್ನಾಗಿದೆ ಎಂದಿದ್ದರು. ಅವಳ ಅಕ್ಷರ ಕೋಳಿ ಕೆದರಿದ ಹಾಗಿತ್ತು. ಈ ವರ್ಷದ ಕೆಲಸದ ತಲೆನೋವೆಲ್ಲ ಅವಳದೇ. ಮಿಕ್ಕಾಬಿಯ ಕಡೆಯ ಒಬ್ಬ ಕಿತ್ತಳೆ ಬೆಳೆಗಾರರ ಶೆಡ್ಡಿನಲ್ಲಿ ಒಂದು ಕ್ಯಾಸೆಟ್ ಸಿಕ್ಕಿತ್ತು, ನೋಡಲು ಹಾಡಿನ ಕ್ಯಾಸೆಟ್ಟಿನ ಹಾಗೇ, ಆದರೆ ಒಳಗೆ ಹಾಡಿಲ್ಲ, ಮೂವತ್ತೆಂಟು ವರ್ಷದ ಹಿಂದೆ ತೂಗಿದ ಕಿತ್ತಳೆಗಳ ಲೆಕ್ಕ. ಆ ಕಿತ್ತಳೆ ತಿಂದವರಲ್ಲಿ ಅರ್ಧ ಜನ ಈಗ ಬದುಕಿಲ್ಲ. ಆದರೂ ಅದನ್ನು ಓದಿ ನಗರದ ಸಂಸ್ಕೃತಿ ಉತ್ಸವದಲ್ಲಿ ಪರದೆಯ ಮೇಲೆ ತೋರಿಸದಿದ್ದರೆ ಬಳಗದ ಮಾನ ಹೋಗುತ್ತದೆ ಎಂದು ಅಕಾಹೊರಿಯವರು ತೀರ್ಮಾನಿಸಿದ್ದರು. ಅದನ್ನು ಓದಬಲ್ಲ ಡ್ರೈವು ಗುಜರಿಗೆ ಹೋಗಿದ್ದ, ಲೋಹ ಕಡೆಯುವ ಒಂದು ಲೇತ್ ಯಂತ್ರದ ಒಳಗೆ ಸಿಕ್ಕಿತು. ಆ ಡ್ರೈವಿಗೂ ಬಳಗದ ಹಳೆಯ ಕಂಪ್ಯೂಟರಿಗೂ ಭಾಷೆ ಬೇರೆ, ತಂತಿ ಬೇರೆ, ಹಲ್ಲು ಬೇರೆ. ಎರಡರ ನಡುವೆ ಕೂತು ಒಂದರ ಮಾತು ಇನ್ನೊಂದಕ್ಕೆ ಹೇಳುವ ಬೋರ್ಡನ್ನು ಒಚಿಯಾಯಿ ಅಂಗೈಯಗಲದಲ್ಲಿ ಮಾಡಿದಳು. ಡ್ರೈವನ್ನು ಮನೆಗೊಯ್ದು ಒರೆಸಿ, ಬೆಲ್ಟು ಬದಲಿಸಿ ತರುವ ಕೆಲಸ ಸಹಜವಾಗಿಯೇ ವಿನ್ಯಾಸಕರದಾಯಿತು.

ಜುಲೈಯ ಆ ಮಧ್ಯಾಹ್ನ ಊಟದ ಮೇಜಿನ ಮೇಲೆ ಪತ್ರಿಕೆ ಹಾಸಿ ಮುಚ್ಚಳ ತೆಗೆದಾಗ ಮೊದಲು ಕಂಡದ್ದು ತನ್ನ ಹೆಸರು. ಹಳೆಯ ಸ್ನೇಹಿತ ಸಿಕ್ಕ ಹಾಗೆ ಒಂದು ಕ್ಷಣ ಸಂತೋಷವೇ ಆಯಿತು; ಫುಮಿಯೆಯನ್ನು ಕರೆಯಲು ಬಾಯಿ ತೆರೆದಿದ್ದ. ಆಮೇಲೆ ಕಣ್ಣು ವೇಗದ ತಿರುಪಿನ ಮೇಲೆ ಹೋಯಿತು. ವೇಗ ಸರಿಮಾಡಿದ ಮೇಲೆ ಆ ತಿರುಪು ಅಲುಗಾಡದಂತೆ ಅದರ ತಲೆಗೆ ಒಂದು ತೊಟ್ಟು ಕೆಂಪು ಬಣ್ಣ ಇಡಬೇಕು. ಇಟ್ಟಿರಲಿಲ್ಲ. ತಿರುಪು ಅಂಗಡಿಯಿಂದ ಬಂದ ದಿನದ ಹಾಗೆ ಬೋಳಾಗಿ ಹೊಳೆಯುತ್ತಿತ್ತು. ಅಂದರೆ ಈ ಡ್ರೈವನ್ನು ಹುಟ್ಟಿದಾಗಿನಿಂದ ಯಾರೂ ಮುಟ್ಟಿಲ್ಲ, ಟೇಪು ತನ್ನಿಷ್ಟ ಬಂದಷ್ಟು ನಿಧಾನಕ್ಕೆ ಓಡಿಕೊಂಡಿದೆ, ತಾನು ಬರೆದದ್ದನ್ನು ತಾನೇ ಓದಿಕೊಂಡು ಆ ಲೇತ್ ಯಂತ್ರದೊಳಗೆ ಸುಖವಾಗಿ ಇದ್ದುಬಿಟ್ಟಿದೆ. ಬೇರೆ ಕಡೆ ಬರೆದ ಟೇಪನ್ನು ಇದು ಓದುವುದಿಲ್ಲ. ಇಷ್ಟೂ ಅರ್ಥವಾಗಲು ಅವನಿಗೆ ಅರ್ಧ ನಿಮಿಷ ಸಾಕಾಯಿತು. ಚೀಟಿಯನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ ತೆಗೆಯಲು ಅರ್ಧ ಗಂಟೆ ಹಿಡಿಯಿತು. ತಿರುಪನ್ನು ಅಲ್ಲೇ ತಿರುಗಿಸಿ ಸರಿಮಾಡಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಎಷ್ಟು ತಿರುಗಿಸಬೇಕು, ಯಾವ ಕಡೆಗೆ ತಿರುಗಿಸಬೇಕು ಎಂಬುದು ವಿನ್ಯಾಸಕರಿಗೆ ಗೊತ್ತಿರಲಿಲ್ಲ. ಮೂವತ್ನಾಲ್ಕು ವರ್ಷದಲ್ಲಿ ಒಂದು ದಿನವೂ ಅವನು ಆ ತಿರುಪನ್ನು ಮುಟ್ಟಿರಲಿಲ್ಲ. ಬೆಲ್ಟು ಬದಲಿಸಿ, ಒರೆಸಿ, ಮುಚ್ಚಳ ಹಾಕಿ, ಆಗಸ್ಟಿನ ಸಭೆಗೆ ಒಯ್ದು ಕೊಟ್ಟ.

ಆಗಸ್ಟಿನಲ್ಲಿ ಪರದೆಯ ಮೇಲೆ ಮೂರು ಸಾಲು ಬಂದು ಆಮೇಲೆ ಕಸ ಬಂತು. ಒಚಿಯಾಯಿ ಎದ್ದು ನಿಂತು ತನ್ನ ಬೋರ್ಡಿನ ತಪ್ಪಿನಿಂದ ಎಲ್ಲರ ಭಾನುವಾರ ವ್ಯರ್ಥವಾಯಿತು ಎಂದು ಬಗ್ಗಿ ಕ್ಷಮೆ ಕೇಳಿದಳು, ಕೂತು ಅದನ್ನೇ ನಡಾವಳಿಯಲ್ಲಿ ಬರೆದಳು. ಸೆಪ್ಟೆಂಬರಿನಲ್ಲಿ ಬೋರ್ಡು ಬಿಚ್ಚಿ ಹೊಸದಾಗಿ ಮಾಡಿ ತಂದಳು. ನಾಲ್ಕು ಸಾಲು, ಕಸ, ಕ್ಷಮೆ. ಅಕ್ಟೋಬರಿನಲ್ಲಿ ಕಣ್ಣ ಕೆಳಗೆ ಕಪ್ಪು ಕಟ್ಟಿಕೊಂಡು ಬಂದಳು, ಅದೇ ಕಥೆ. ಮೂರು ಸಲವೂ ಕುರೆಬಾಯಾಶಿ ಅವಳ ಬಗ್ಗಿದ ತಲೆಯ ಬೈತಲೆಯನ್ನು ನೋಡಿದ. ಮೊದಲ ಸಲ, ಇನ್ನೊಂದು ನಿಮಿಷದಲ್ಲಿ ಹೇಳುತ್ತೇನೆ ಅಂದುಕೊಂಡ. ಎರಡನೆಯ ಸಲ, ಈಗ ಹೇಳಿದರೆ ಹೋದ ತಿಂಗಳು ಯಾಕೆ ಹೇಳಲಿಲ್ಲ ಎನ್ನುತ್ತಾರೆ ಅಂದುಕೊಂಡ. ಮೂರನೆಯ ಸಲ, ಪರವಾಗಿಲ್ಲಮ್ಮ, ಯಾರಿಗಾದರೂ ಆಗುವಂಥದ್ದೇ ಎಂದು ಸಮಾಧಾನ ಹೇಳಿದ. ತನ್ನ ಆ ಧ್ವನಿ, ದೊಡ್ಡವರು ಚಿಕ್ಕವರನ್ನು ಕ್ಷಮಿಸುವ ಆ ಧ್ವನಿ, ಆಮೇಲೆ ಕಾರಿನಲ್ಲಿ, ಸ್ನಾನದ ತೊಟ್ಟಿಯಲ್ಲಿ, ಅಂಗಡಿಯಲ್ಲಿ ಸಬ್ಬಸಿಗೆ ಆರಿಸುವಾಗ ಮತ್ತೆ ಮತ್ತೆ ಕೇಳಿಸಿ ಮೈ ಮುದುಡುತ್ತಿತ್ತು. ಅವನಿಗೆ ನಾಚಿಕೆಯಾಗುತ್ತಿತ್ತು, ನಿಜವಾಗಿಯೂ ಆಗುತ್ತಿತ್ತು. ನಾಚಿಕೆಯಾದದ್ದರಿಂದ ತಾನು ಅಷ್ಟೇನೂ ಕೆಟ್ಟವನಲ್ಲ ಎಂದು ಸಮಾಧಾನವೂ ಆಗುತ್ತಿತ್ತು.

ಇವತ್ತು ಮೇಜಿನ ನಡುವೆ ಬಟ್ಟಲು ತುಂಬ ಕಿತ್ತಳೆ ಇಟ್ಟಿದ್ದರು. ಅಕಾಹೊರಿಯವರು ಗಂಟಲು ಸರಿಮಾಡಿಕೊಂಡು, ಮುಂದಿನ ಭಾನುವಾರ ಉತ್ಸವ, ಉಳಿದಿರುವುದು ಏಳು ದಿನ, ಆದ್ದರಿಂದ ಒಂದು ಸಲಹೆ ಇದೆ ಎಂದರು. ಸಲಹೆ ಇಷ್ಟೇ: ಕಂಪ್ಯೂಟರಿನ ಹಿಂದೆ ಒಂದು ಮೆಮೊರಿ ಕಾರ್ಡು ಅಡಗಿಸಿಟ್ಟು ಪರದೆಯ ಮೇಲೆ ಏನಾದರೂ ಅಂಕಿ ಓಡಿಸುವುದು. ಡ್ರೈವು ಪಕ್ಕದಲ್ಲಿ ಸುಮ್ಮನೆ ತಿರುಗುತ್ತಿರಲಿ. ಬಂದವರಿಗೆ ಯಾವುದು ಎಲ್ಲಿಂದ ಬಂತು ಎಂದು ಹೇಗೆ ಗೊತ್ತಾಗಬೇಕು. ಒಚಿಯಾಯಿಯವರ ಬೋರ್ಡಿಗೆ ವಿಶ್ರಾಂತಿ ಕೊಡೋಣ, ಅವರು ಆ ದಿನ ಬಾಗಿಲಲ್ಲಿ ಕರಪತ್ರ ಹಂಚಲಿ, ಮುಂದಿನ ವರ್ಷದಿಂದ ಇಂಥ ಕೆಲಸವನ್ನು ಅನುಭವ ಇರುವವರಿಗೇ ಕೊಡೋಣ. ಮಾತು ಜೇನಿನ ಹಾಗೆ ಇಳಿಯಿತು. ಹನ್ನೊಂದು ಗಂಡಸರು ಟೀ ಲೋಟದೊಳಗೆ ನೋಡಿದರು, ಅದು ಒಪ್ಪಿಗೆ. ಕುರೆಬಾಯಾಶಿಯೂ ತನ್ನ ಲೋಟದೊಳಗೆ ನೋಡಿದ. ಪಕ್ಕದ ಕೋಣೆಯಲ್ಲಿ ಹಾಡು ನಿಂತು, ಇನ್ನೊಂದ್ಸಲ, ಸೊಂಟ ಇನ್ನೂ ಸಡಿಲ ಬಿಡಿ ಎಂಬ ಮಾತು ಕೇಳಿಸಿತು. ಹೇಳಿಬಿಡುತ್ತೇನೆ ಎಂದು ಬಾಯಿ ತೆರೆದ, ತೆರೆದ ಬಾಯಿಗೆ ಒಂದು ತೊಳೆ ಕಿತ್ತಳೆ ಹಾಕಿಕೊಂಡ.

ಒಚಿಯಾಯಿ ಎದ್ದಳು. ಎಲ್ಲರೂ ನಾಲ್ಕನೆಯ ಕ್ಷಮೆಗೆ ಸಿದ್ಧರಾಗಿ ಬೆನ್ನು ನೆಟ್ಟಗೆ ಮಾಡಿದರು. ಅವಳು ಬಗ್ಗಲಿಲ್ಲ. ಬೋರ್ಡನ್ನು ಮೂರು ಸಲ ಹೊಸದಾಗಿ ಮಾಡಿದ್ದಾಗಿದೆ, ಪ್ರೋಗ್ರಾಮನ್ನು ಸಾಲು ಸಾಲು ನೋಡಿದ್ದಾಗಿದೆ, ತಾನು ಮುಟ್ಟದೆ ಬಿಟ್ಟಿರುವುದು ಒಂದೇ, ಡ್ರೈವಿನ ಹೊಟ್ಟೆ ಎಂದಳು. "ಅದು ಕುರೆಬಾಯಾಶಿ ಸಾನ್ ಅವರ ಜವಾಬ್ದಾರಿ, ನಾನು ಕೈ ಹಾಕಿದ್ರೆ ಅಧಿಕಪ್ರಸಂಗ ಆಗುತ್ತೆ. ಅವರೇ ಒಂದ್ಸಲ ನೋಡ್ಲಿ." ಹೀಗೆಂದು ಮುಚ್ಚಳದ ನಾಲ್ಕು ತಿರುಪು ಬಿಚ್ಚಿ, ಡ್ರೈವನ್ನು ಅವನ ಮುಂದೆ ತಿರುಗಿಸಿಟ್ಟು, ಕಡ್ಡಿಯಂಥ ಒಂದು ಸ್ಕ್ರೂಡ್ರೈವರನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ವಿನ್ಯಾಸಕರ ಕೈ ನೋಡುವ ಭಾಗ್ಯ ಎಂದು ಅಕಾಹೊರಿಯವರು ಕುರ್ಚಿ ಎಳೆದುಕೊಂಡರು. ಹನ್ನೊಂದು ಗಂಡಸರು ಸುತ್ತ ನೆರೆದರು. ಕುರೆಬಾಯಾಶಿ ಕನ್ನಡಕ ಹಣೆಗೇರಿಸಿ, ಕೆಳಗಿಳಿಸಿ, ಮತ್ತೆ ಏರಿಸಿದ. ಬೋಳು ತಿರುಪು ಅವನನ್ನೇ ನೋಡುತ್ತಿತ್ತು. ಅದರ ಪಕ್ಕ, ಚೀಟಿ ಇದ್ದ ಜಾಗದಲ್ಲಿ, ಲೋಹ ಸ್ವಲ್ಪ ಹೆಚ್ಚೇ ಬೆಳ್ಳಗಿತ್ತು.

ವೇಗ ಸ್ವಲ್ಪ... ಎಂದು ಅವನು ಗೊಣಗಿದ. ಓಹೋ, ವೇಗ ಎಂದು ಎಲ್ಲರೂ ಒಬ್ಬರಿಗೊಬ್ಬರು ಹೇಳಿಕೊಂಡರು. ಒಚಿಯಾಯಿ ವೇಗ ತೋರಿಸುವ ಮೀಟರನ್ನು ಆಗಲೇ ಜೋಡಿಸಿ ಕೂತಿದ್ದಳು. ಆಗಲೇ ಯಾಕೆ ಜೋಡಿಸಿದ್ದಾಳೆ ಎಂದು ಆ ಗಳಿಗೆಯಲ್ಲಿ ಅವನಿಗೆ ಹೊಳೆಯಲಿಲ್ಲ. ತಿರುಪಿನ ಸೀಳಿಗೆ ತುದಿ ಸಿಕ್ಕಿಸಿ ಬಲಕ್ಕೆ ತಿರುಗಿಸಿದ. ಮೀಟರಿನ ಅಂಕಿ ಕೆಳಗಿಳಿಯಿತು, ಟೇಪು ನಿದ್ದೆ ಬಂದಂತೆ ಎಳೆಯಿತು. ಅವನ ಕಿವಿ ಬಿಸಿಯಾಯಿತು. "ಇನ್ನೊಂದು ಕಡೆ," ಎಂದಳು ಒಚಿಯಾಯಿ, ಅವನೊಬ್ಬನಿಗೇ ಕೇಳುವಷ್ಟು ಮೆಲ್ಲಗೆ. ಎಡಕ್ಕೆ ತಿರುಗಿಸಿದ. ಕೂದಲೆಳೆಯಷ್ಟು, ಇನ್ನೊಂದು ಕೂದಲೆಳೆ. ಸಾಕು ಎಂದಳು. ಮೊದಲು ತಪ್ಪು ಕಡೆ ತಿರುಗಿಸಿ ಜಡ್ಡು ಬಿಡಿಸಿದ್ರಿ ಅಲ್ವ, ಅದೇ ಅನುಭವ ಅನ್ನೋದು ಎಂದು ಹಿಂದಿನಿಂದ ಯಾರೋ ಮೆಚ್ಚಿಕೊಂಡರು. ಕ್ಯಾಸೆಟ್ ಹಾಕಿದರು. ಮೂರು ಸಾಲು ಬಂತು. ನಾಲ್ಕು ಬಂತು. ಐದು, ಆರು, ಆಮೇಲೆ ಎಣಿಸಲಾಗದಂತೆ ಹಸಿರು ಅಂಕಿಗಳು ಪರದೆಯ ಮೇಲಕ್ಕೆ ಹತ್ತಿ ಹತ್ತಿ ಹೋದವು, ಯಾವುದೋ ತೋಟದ ಕಿತ್ತಳೆ, ದೊಡ್ಡವು ಇಷ್ಟು, ನಡುವಿನವು ಇಷ್ಟು, ಹುಳ ಬಿದ್ದವು ಇಷ್ಟು. ಚಪ್ಪಾಳೆ ಬಿತ್ತು. ಪಕ್ಕದ ಕೋಣೆಯ ಮುದುಕಿಯೊಬ್ಬಳು ಕೊರಳಿಗೆ ಕಾಗದದ ಹೂಮಾಲೆ ಹಾಕಿಕೊಂಡೇ ಬಾಗಿಲಲ್ಲಿ ಇಣುಕಿ, ಏನು ಹುಟ್ಟಿತು ಎಂದು ಕೇಳಿ ಹೋದಳು.

ಆಮೇಲಿನದು ಕುರೆಬಾಯಾಶಿಗೆ ಬಿಸಿನೀರಿನ ಸ್ನಾನದ ಹಾಗೆ ಹಿತವಾಗಿತ್ತು, ಅದನ್ನು ಅವನು ಆಮೇಲೆ ಎಷ್ಟು ಅಲ್ಲಗಳೆದರೂ ಹಿತವಾಗಿತ್ತು. ಅಕಾಹೊರಿಯವರು ಅವನ ಭುಜ ತಟ್ಟಿದರು. ಬಲ್ಲವರು ಒಂದು ತಿರುಪು ಮುಟ್ಟಿದರೆ ಆಗುವ ಕೆಲಸಕ್ಕೆ ನಾವು ಮೂರು ತಿಂಗಳು ಬೋರ್ಡು ಬೋರ್ಡು ಎಂದು ಒದ್ದಾಡಿದೆವಲ್ಲ ಎಂದರು, ಒಚಿಯಾಯಿಯತ್ತ ನೋಡದೆ. ಯಾರೋ ಅವನ ಬೆರಳುಗಳ ಫೋಟೊ ತೆಗೆದರು. ಅಯ್ಯೋ, ಅಂಥದ್ದೇನಿಲ್ಲ ಎಂದು ಅವನು ಕೈ ಆಡಿಸಿದ. ವಿನಯ ಎಷ್ಟು ಸುಲಭವಾಗಿ ಬಂತೆಂದರೆ, ನಾಲ್ಕು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಕಲ್ಲು ತಾನಾಗಿಯೇ ಇಳಿದುಹೋದಂತೆ ಅನ್ನಿಸಿತು. ಡ್ರೈವು ಓದಿತು. ಕಿತ್ತಳೆ ಬಂತು. ಇನ್ನು ಯಾರಿಗೆ ಏನು ನಷ್ಟ. ಒಚಿಯಾಯಿಯ ಬೋರ್ಡು ಕೂಡ ಸರಿಯೇ ಇತ್ತು ಎಂದು ಸಮಯ ನೋಡಿ ಒಂದು ಮಾತು ಹೇಳಿದರಾಯಿತು, ಉತ್ಸವ ಮುಗಿಯಲಿ, ವರ್ಷಾಂತ್ಯದ ಕೂಟದಲ್ಲಿ ಹೇಳೋಣ, ಅಲ್ಲಿ ಅಂಥ ಮಾತು ಚೆನ್ನಾಗಿರುತ್ತದೆ. ಸಿಪ್ಪೆ ಸುಲಿದಿಟ್ಟ ಕಿತ್ತಳೆಯನ್ನು ಈಗ ನಿಧಾನವಾಗಿ ತಿಂದ.

ಒಚಿಯಾಯಿ ನಡಾವಳಿ ಪುಸ್ತಕ ತೆರೆದಿದ್ದಳು. ಸರ್ಕಾರವೇ ಎಷ್ಟೋ ಕಡೆ ಮೊಹರು ಬೇಡ ಎಂದ ಮೇಲೂ ಅಕಾಹೊರಿಯವರು ಆ ಪುಸ್ತಕದ ಪ್ರತಿ ಪುಟದ ಕೊನೆಗೆ ಮೂರು ಚೌಕ ಬರೆಸಿದ್ದರು: ಬರೆದವರು, ದೃಢಪಡಿಸಿದವರು, ಅಧ್ಯಕ್ಷರು. ಅವಳು ಪೆನ್ನು ಹಿಡಿದು ತಲೆ ಎತ್ತಿದಳು. "ಇಷ್ಟು ದಿನ ಓದ್ದೇ ಇದ್ದಿದ್ದಕ್ಕೆ ಕಾರಣ ಏನಂತ ಬರೀಲಿ, ಕುರೆಬಾಯಾಶಿ ಸಾನ್?"

ಸಾಧಾರಣ ಪ್ರಶ್ನೆ. ಟೀ ಇನ್ನೂ ಬೇಕಾ ಎಂದು ಕೇಳುವ ದನಿ. ಕೋಣೆಯಲ್ಲಿ ಬೇರೆ ಮಾತು ನಡೆಯುತ್ತಿತ್ತು, ಯಾರೂ ಇತ್ತ ಕಿವಿಗೊಟ್ಟಿರಲಿಲ್ಲ. ಹೇಳುವುದಾದರೆ ಇದಕ್ಕಿಂತ ಅಗ್ಗದ ಗಳಿಗೆ ಸಿಗುತ್ತಿರಲಿಲ್ಲ. "ವಯಸ್ಸಾಗಿತ್ತು ಅಷ್ಟೇ," ಎಂದ. "ಮೂವತ್ತೆಂಟು ವರ್ಷ ಅಂದ್ರೆ ತಿರುಪು ತಾನಾಗೇ ಸಡಿಲ ಆಗುತ್ತೆ." ಹೌದಾ ಎಂದು ಅವಳು ಬರೆಯಲು ಬಗ್ಗಿದಳು. ವಯಸ್ಸಾಗಿತ್ತು ಎಂಬ ಒಂದು ಪದಕ್ಕೆ ಹೆಚ್ಚೆಂದರೆ ಅರ್ಧ ಸಾಲು ಬೇಕು, ಅವಳು ಐದಾರು ಸಾಲು ಬರೆದಳು. ಕೋಳಿ ಕೆದರಿದ ಅಕ್ಷರ, ಜಾಗ ಹೆಚ್ಚು ಬೇಕೇನೋ ಅಂದುಕೊಂಡ. ಬರೆದು ತನ್ನ ಮೊಹರು ಒತ್ತಿ, ದೃಢಪಡಿಸಲು ಪುಸ್ತಕವನ್ನು ಅವನತ್ತ ತಳ್ಳಿದಳು. ಅವನು ಪೆಟ್ಟಿಗೆಯಿಂದ ಮೊಹರು ತೆಗೆದು, ಕೆಂಪು ಮಸಿಗೆ ಮೂರು ಸಲ ಮೆತ್ತಗೆ ತಟ್ಟಿ, ಅಧ್ಯಕ್ಷರ ಚೌಕದತ್ತ ತುಸು ವಾಲಿಸಿ ಒತ್ತಿದ. ಉಸಿರು ಬಿಡುವಷ್ಟು ಹೊತ್ತು ಹಿಡಿದು ನೆಟ್ಟಗೆ ಎತ್ತಿದ. ಒಂದಿಷ್ಟೂ ಕಲೆಯಾಗಲಿಲ್ಲ.

"ಓದ್ದೇನೇ ಒತ್ತಿದ್ರಲ್ಲ," ಎಂದಳು ಒಚಿಯಾಯಿ. ಅವಳ ದನಿ ಆಗಿನಷ್ಟೇ ಮೆಲ್ಲಗಿತ್ತು. "ಜುಲೈಯಲ್ಲಿ ನೀವು ಮನೆಗೆ ತಗೊಂಡು ಹೋಗೋಕೆ ಮುಂಚೆ ಮುಚ್ಚಳ ತೆಗ್ದು ಫೋಟೊ ತೆಗ್ದಿದ್ದೆ. ನಮ್ಮಲ್ಲಿ ಏನೇ ಬಿಚ್ಚಿದ್ರೂ ಮೊದ್ಲು ಫೋಟೊ. ನಿಮ್ಮ ಮೊಹರಿದ್ದ ಚೀಟಿ ಇತ್ತು ಅದ್ರಲ್ಲಿ. ವಾಪಸ್ ಬಂದಾಗ ತೆಗ್ದ ಫೋಟೊದಲ್ಲಿ ಇರ್ಲಿಲ್ಲ. ಸೆಪ್ಟೆಂಬರಲ್ಲಿ ಎರಡೂ ಫೋಟೊ ಪಕ್ಕ ಪಕ್ಕ ಇಟ್ಟು ನೋಡ್ದಾಗ ಚೀಟಿ ಹೋಗಿದ್ದೂ ತಿರುಪಿಗೆ ಕೆಂಪು ಬಣ್ಣ ಇಲ್ದಿದ್ದೂ ಗೊತ್ತಾಯ್ತು." ಅವಳು ಪೆನ್ನಿನ ಟೋಪಿ ಹಾಕಿದಳು. "ನೀವೇ ಹೇಳ್ತೀರೇನೋ ಅಂತ ಅಕ್ಟೋಬರಲ್ಲಿ ಇನ್ನೊಂದ್ಸಲ ಕ್ಷಮೆ ಕೇಳ್ದೆ. ನೀವು ಪರವಾಗಿಲ್ಲ ಅಂದ್ರಿ."

ಅವನ ಕೈಯಲ್ಲಿ ಮೊಹರು ಹಾಗೇ ಇತ್ತು. ಅಕ್ಟೋಬರಿನ ಆ ಬೈತಲೆ ಕಣ್ಣ ಮುಂದೆ ಬಂತು. ಬಗ್ಗಿದ ಆ ತಲೆಯೊಳಗೆ ಎಲ್ಲ ಗೊತ್ತಿತ್ತು, ಅದು ನೆಲ ನೋಡುತ್ತ ಇವನ ಮಾತಿಗಾಗಿ ಕಾಯುತ್ತಿತ್ತು, ಆ ತಲೆಯ ಮೇಲೆ ಇವನು ಕ್ಷಮೆ ಸುರಿದಿದ್ದ. ಮುಖಕ್ಕೆ ರಕ್ತ ನುಗ್ಗಿತು. ಪುಸ್ತಕವನ್ನು ತನ್ನತ್ತ ಎಳೆದುಕೊಂಡು ಓದಲು ನೋಡಿದ, ಸಾಲುಗಳು ಒಂದರ ಮೇಲೊಂದು ಹತ್ತಿದವು. ಹರಿದುಹಾಕಲೇ ಎಂದು ಯೋಚಿಸಿದ. ಪುಟಗಳಿಗೆ ಅಧ್ಯಕ್ಷರು ಅಂಕಿ ಹಾಕಿಸಿದ್ದರು. ಅಷ್ಟರಲ್ಲಿ ಅಕಾಹೊರಿಯವರು ತಮ್ಮ ಮೊಹರು ಹಿಡಿದು ಬಂದರು. ಬಂದವರು ಒತ್ತಲಿಲ್ಲ. ಖುಷಿಯಲ್ಲಿ ಅವರಿಗೆ ಹೊಸದೊಂದು ಹೊಳೆದಿತ್ತು.

"ಪ್ರತಿ ಸಲ ನಾವೆಲ್ಲ ಓದ್ದೇನೇ ಒತ್ತಿಬಿಡ್ತೀವಿ," ಎಂದರು ಎಲ್ಲರಿಗೂ ಕೇಳುವಂತೆ. "ಇವತ್ತು ಅಪರೂಪದ ದಿನ. ವಿನ್ಯಾಸಕರ ಬಾಯಿಂದ್ಲೇ ಓದಿಸೋಣ. ಎದ್ದು ನಿಂತು ಓದಿ, ಕುರೆಬಾಯಾಶಿ ಸಾನ್."

ಚಪ್ಪಾಳೆ ಬಿತ್ತು. ಅವನು ಎದ್ದ. ಪುಸ್ತಕ ಅವನ ಕೈಯಲ್ಲಿತ್ತು, ಅದರಲ್ಲಿ ಏನಿದೆ ಎಂದು ಅವಳಿಗೆ ಗೊತ್ತು, ಅವನು ಊಹಿಸಬಲ್ಲ, ಬೇರೆ ಯಾರಿಗೂ ಗೊತ್ತಿಲ್ಲ. ಬಾಯಿಗೆ ಬಂದದ್ದನ್ನು ಓದಿ ಮುಗಿಸಬಹುದು, ಅವಳು ಸುಮ್ಮನಿದ್ದರೂ ಇರಬಹುದು, ಇಷ್ಟು ದಿನ ಸುಮ್ಮನಿದ್ದವಳು. ದಿನಾಂಕ ಓದಿದ. ಹಾಜರಿದ್ದವರ ಹೆಸರು ಒಂದೊಂದಾಗಿ ಓದಿದ, ತನ್ನ ಹೆಸರನ್ನೂ ಓದಿದ. ಟೇಪು ಪೂರ್ತಿ ಓದಲಾಯಿತು ಎಂದು ಓದಿದ. 'ಕಾರಣ' ಎಂಬ ಪದದ ಹತ್ತಿರ ಬಂದಾಗ ಒಳ್ಳೆಯದೊಂದು ಸುಳ್ಳಿಗಾಗಿ ತಡಕಾಡಿದ. ಜೀವಮಾನದಲ್ಲಿ ಅವನು ಹೇಳಿದ ಸುಳ್ಳೆಲ್ಲ ಬಾಯಿ ಮುಚ್ಚಿಕೊಂಡು ಹೇಳಿದ್ದು. ಬಾಯಿ ಬಿಟ್ಟು ಹೇಳುವ ಸುಳ್ಳು ಅವನಿಗೆ ಅಭ್ಯಾಸವಿರಲಿಲ್ಲ, ಅದರಲ್ಲೂ ಎದ್ದು ನಿಂತು. ಏನೂ ಹೊಳೆಯಲಿಲ್ಲ. ಹೊಳೆಯದ್ದರಿಂದ ಇದ್ದದ್ದನ್ನು ಓದಿದ. ಡ್ರೈವಿನ ವೇಗವನ್ನು ಕಾರ್ಖಾನೆಯಲ್ಲೇ ಸರಿಮಾಡಿರಲಿಲ್ಲ. ಸರಿಮಾಡದೆಯೇ ತಪಾಸಣೆಯ ಚೀಟಿಗೆ ಮೊಹರು ಒತ್ತಲಾಗಿತ್ತು. ಮೊಹರು ಕುರೆಬಾಯಾಶಿಯವರದು. ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ನಡಾವಳಿಯಲ್ಲಿ ಬೋರ್ಡಿನ ದೋಷ ಎಂದು ಬರೆದಿರುವುದು ತಪ್ಪು, ಬೋರ್ಡಿನಲ್ಲಿ ಯಾವ ದೋಷವೂ ಇರಲಿಲ್ಲ. ಅವನು ನಿಲ್ಲಿಸದೆ ಓದಿದ. ಕೊನೆಯ ಸಾಲು ಮುಗಿಸಿ ಪುಸ್ತಕ ಕೆಳಗಿಳಿಸಿದಾಗ ಅವನಿಗೆ ತಾನೊಬ್ಬ ಧೈರ್ಯವಂತ ಎಂದು ಕೂಡ ಒಂದು ಕ್ಷಣ ಅನ್ನಿಸಿತು, ಕಣ್ಣಲ್ಲಿ ನೀರೂ ಬಂತು. ಹನ್ನೊಂದು ಗಂಡಸರು ಲೋಟದೊಳಗೆ ನೋಡುತ್ತಿದ್ದರು. ಎಷ್ಟು ದೊಡ್ಡ ಮನಸ್ಸು, ಅಷ್ಟು ಹಳೆಯ ಮಾತನ್ನು ಈಗ ಕಂಡ ಕೂಡಲೇ ಒಪ್ಪಿಕೊಂಡರಲ್ಲ ಎಂದು ಅಕಾಹೊರಿಯವರು ಮೆಲ್ಲಗೆ ಶುರುಮಾಡಿದರು.

"ನಡುವೆ ಒಂದು ಸಾಲು ಬಿಟ್ರಿ," ಎಂದಳು ಒಚಿಯಾಯಿ.

ಅವಳು ತಲೆ ಎತ್ತಿರಲಿಲ್ಲ, ಮೀಟರಿನ ತಂತಿ ಸುತ್ತುತ್ತಿದ್ದಳು. ಕುರೆಬಾಯಾಶಿ ಪುಸ್ತಕವನ್ನು ಮತ್ತೆ ಎತ್ತಿದ. ಆ ಸಾಲನ್ನು ಹುಡುಕಬೇಕಾಗಿರಲಿಲ್ಲ, ಅದು ಎಲ್ಲಿದೆ ಎಂದು ಗೊತ್ತಿತ್ತು. ಆದರೂ ಬೆರಳಿಟ್ಟು ಹುಡುಕಿದ, ಹುಡುಕಿದಷ್ಟು ಹೊತ್ತು ಓದಬೇಕಾಗಿರಲಿಲ್ಲವಲ್ಲ. ಆಮೇಲೆ ಓದಿದ.

"ಈ ವಿಷಯ ಅವರಿಗೆ ಜುಲೈಯಿಂದ ಗೊತ್ತಿತ್ತು."

ಆಯ್ತು ಎಂದು ಒಚಿಯಾಯಿ ಪುಸ್ತಕಕ್ಕಾಗಿ ಕೈ ಚಾಚಿದಳು.